ಹೊಟ್ಟೆಗಿಳಿದ ದುಃಖ

ಕೊಟ್ಟ ವಸ್ತುವನ್ನು ಸತ್ತವರ ಮನೆಯಿಂದ ವಾಪಸು ಕೇಳಲು ಸರಿಯಾದ ದಿನ ಯಾವುದೆಂದು ಈವರೆಗೆ ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಕನ್ನಡಕದಂಗಡಿಯವನು ಅದನ್ನು ಎರಡು ಸಲ ಓದಿಕೊಂಡೇ ಹೊರಡುತ್ತಿದ್ದ. ಅವನು ಅಂಥ ಮನುಷ್ಯ. ಸುದ್ದಿ ಬಂದ ದಿನ ಕೇಳುವುದು ರಾಕ್ಷಸತನ. ಅಂತ್ಯಕ್ರಿಯೆಯ ದಿನ ಕೇಳಿದರೆ ರಾಕ್ಷಸರೂ ನಾಚಿಕೊಳ್ಳುತ್ತಾರೆ. ವರ್ಷ ಕಳೆಯಲಿ ಎಂದು ಕಾದರೆ ಕೇಳುವುದಕ್ಕೆ ವಸ್ತುವೇ ಉಳಿದಿರುವುದಿಲ್ಲ. ಆದ್ದರಿಂದ ಅಂತ್ಯಕ್ರಿಯೆಯ ನಂತರದ ಮೊದಲ ಮಾಮೂಲಿ ಬೆಳಗ್ಗೆಯೇ ಸರಿ ಎಂದು ತೀರ್ಮಾನಿಸಿದ. ಮಾಮೂಲಿ ಎಂದು ತಿಳಿಯುವುದು ಹೇಗೆ? ಆ ಮನೆಯ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಕಾಣಿಸಿಕೊಂಡರೆ ಮಾಮೂಲಿ. ಹೀಗೆ ನಿಯಮ ಮಾಡಿಕೊಂಡು ದಿನಾ ಬೆಳಗ್ಗೆ ಬಸ್ಸು ಹಿಡಿದು ಎರಡು ಸ್ಟಾಪು ದಾಟಿ ಬಂದು, ಬೀದಿಯಲ್ಲಿ ನಿಂತು ಮೂರನೇ ಮಹಡಿ ನೋಡಿ ವಾಪಸು ಹೋದ. ಐದನೆಯ ದಿನ ಅಲ್ಲಿ ಎರಡು ಟವೆಲ್ಲು, ಒಂದು ದಿಂಬಿನ ಕವರು ತೂಗಾಡುತ್ತಿದ್ದವು.

ವಸ್ತು ಎಂದರೆ ಒಂದು ಮೀನು. ಕಿತ್ತಳೆ ಬಣ್ಣದ, ದುಂಡು ಹೊಟ್ಟೆಯ ಗೋಲ್ಡ್‌ಫಿಶ್. ಹೆಸರು ಗುಂಡಣ್ಣ. ಆರು ವರ್ಷ ಅಂಗಡಿಯಲ್ಲಿ ಬೆಳೆದವನು. ಕಣ್ಣು ಪರೀಕ್ಷೆಗೆ ಬಂದ ತುಂಟ ಮಕ್ಕಳು ಗುಂಡಣ್ಣನನ್ನು ನೋಡುತ್ತ ಗೊಂಬೆಗಳಂತೆ ಕೂರುತ್ತಿದ್ದರು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯವನ ಮಾತು ಕೇಳಿಸಿಕೊಳ್ಳಲು ಇದ್ದವನೂ ಅವನೊಬ್ಬನೇ. ಐದು ತಿಂಗಳ ಹಿಂದೆ, ಲಿಫ್ಟ್ ರಿಪೇರಿ ಮಾಡುವ ಯುವಕನೊಬ್ಬ ಕನ್ನಡಕದ ತಿರುಪು ಬಿಗಿ ಮಾಡಿಸಲು ಬಂದ. ತಿರುಪು ಎರಡು ನಿಮಿಷದಲ್ಲಿ ಬಿಗಿಯಾಯಿತು. ಅವನು ಒಂದು ಗಂಟೆ ಮೀನು ನೋಡುತ್ತ ಕುಳಿತ.

"ಒಂದೇ ಒಂದು ವಾರ ಕೊಡಿ ಸಾರ್. ಮನೇಲಿ ನಮ್ಮವಳಿಗೆ ತೋರಿಸಿ ತಂದುಬಿಡ್ತೀನಿ."

ಕನ್ನಡಕದಂಗಡಿಯವನಿಗೆ ಎಲ್ಲ ಅಕ್ಷರಗಳೂ ಗೊತ್ತಿದ್ದವು. 'ಇಲ್ಲ' ಎಂಬ ಎರಡನ್ನು ಮಾತ್ರ ಜೋಡಿಸಲು ಬರುತ್ತಿರಲಿಲ್ಲ. ಕೊಟ್ಟ. ಯುವಕ ಆಮೇಲೆ ಇಪ್ಪತ್ತು ಸಲ 'ನಾಳೆ ತರ್ತೀನಿ ಸಾರ್' ಎಂದ. ಆಮೇಲೆ, ಮೂವತ್ತೆರಡು ತುಂಬುವ ಮೊದಲೇ, ಒಂದು ಮಂಗಳವಾರ ಸತ್ತುಹೋದ.

ಬಾಲ್ಕನಿಯಲ್ಲಿ ಬಟ್ಟೆ ಕಂಡ ಆ ಐದನೆಯ ದಿನ ಬೆಳಗ್ಗೆ ಶಾಲೆಯೊಂದರಲ್ಲಿ ಮಕ್ಕಳ ಕಣ್ಣು ಪರೀಕ್ಷೆಯಿತ್ತು. ಹಾಗಾಗಿ ಅವನು ಬಿಳಿ ಕೋಟು ತೊಟ್ಟು, ಮಸೂರಗಳ ಪೆಟ್ಟಿಗೆ ಹಿಡಿದೇ ಮೂರನೇ ಮಹಡಿ ಹತ್ತಿದ. ಬಾಗಿಲು ತೆರೆದವರು ಸತ್ತವನ ಚಿಕ್ಕಪ್ಪ. ಮೂವತ್ತನಾಲ್ಕು ವರ್ಷ ಒಂದು ಕಚೇರಿಯ ಕಡತ ವಿಭಾಗವನ್ನು ಆಳಿ ನಿವೃತ್ತರಾದವರು. ಈಗ ಕಡತಗಳಿಲ್ಲದ ಕಾರಣ ಮನುಷ್ಯರನ್ನು ಆಳುತ್ತಿದ್ದರು. ಅವರು ಕೋಟು ನೋಡಿದರು, ಪೆಟ್ಟಿಗೆ ನೋಡಿದರು, ಎರಡೂ ಕೈ ಮೇಲೆತ್ತಿದರು.

"ಬಂದ್ರಾ ಡಾಕ್ಟ್ರೇ! ಪ್ರಾಣಿ ಆಸ್ಪತ್ರೆಗೆ ಫೋನ್ ಮಾಡಿ ಅರ್ಧ ಗಂಟೆ ಆಗಿಲ್ಲ. ನೋಡಿ ಅತ್ತಿಗೆ, ಡ್ಯೂಟಿ ಅಂದ್ರೆ ಇದು!"

"ಅಲ್ಲ, ನಾನು... ಆ ಮೀನಿನ ವಿಷಯಕ್ಕೆ..."

"ಮೀನಿನ ವಿಷಯಕ್ಕೇ ಕರೆಸಿದ್ದು. ಮತ್ತೇನು, ಮನೇಲಿ ಆನೆ ಇದೆಯಾ? ಬನ್ನಿ, ಬನ್ನಿ."

ಹೀಗೆ ಅವನು ನಿಜ ಹೇಳುವ ಮೊದಲ ಅವಕಾಶವನ್ನು ಕಳೆದುಕೊಂಡ. ಬದುಕಿನಲ್ಲಿ ಅವನು ಕಳೆದುಕೊಂಡ ಮೊದಲ ಅವಕಾಶವೇನೂ ಅದಾಗಿರಲಿಲ್ಲವಾದ್ದರಿಂದ ಅಷ್ಟಾಗಿ ಗಾಬರಿಯಾಗಲಿಲ್ಲ. ಗಾಬರಿಯಾದದ್ದು ಒಳಗೆ ಹೋದ ಮೇಲೆ.

ನಡುಮನೆಯ ಕುರ್ಚಿಗಳೆಲ್ಲ ನೆಂಟರಿಂದ, ನೆರೆಯವರಿಂದ ತುಂಬಿದ್ದವು. ಗೋಡೆಯ ಬಳಿ ಸತ್ತವನ ತಾಯಿ, ಅಂದರೆ ಚಿಕ್ಕಪ್ಪನವರ ಅತ್ತಿಗೆ; ಕಿಟಕಿಯ ಬಳಿ ಅವನ ಹೆಂಡತಿ ಕುಳಿತಿದ್ದಳು. ಮಡಿಲಲ್ಲಿ ಆರಿಹೋದ ಚಹಾದ ಲೋಟ. ಬಂದವರೆಲ್ಲ ಅವಳನ್ನು ಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡುವಂತೆ ನೋಡುತ್ತಿದ್ದರು. "ಒಂದು ಹನಿ ಕಣ್ಣೀರು ಹಾಕಿಲ್ಲ ನೋಡಿ," ಎಂದು ಒಬ್ಬರು ಪಿಸುಗುಟ್ಟಿದರೆ, "ಎರಡು ದಿನದ ಹಿಂದೆ ಹಾಕಿದ್ಲು, ನಾನೇ ನೋಡಿದೆ," ಎಂದು ಇನ್ನೊಬ್ಬರು ಸಾಕ್ಷಿ ನುಡಿಯುತ್ತಿದ್ದರು. ಅವಳ ಪಕ್ಕದ ಮೇಜಿನ ಮೇಲೆ ಗಾಜಿನ ತೊಟ್ಟಿ. ಅದರಲ್ಲಿ ಗುಂಡಣ್ಣ ಹೊಟ್ಟೆ ಮೇಲೆ ಮಾಡಿಕೊಂಡು, ಸೂರು ನೋಡುತ್ತ, ಉಸಿರೊಂದಿದೆ ಎನ್ನುವ ಹಾಗೆ ತೇಲುತ್ತಿದ್ದ.

"ಐದು ದಿನದಿಂದ ಹೀಗೇ. ಯಜಮಾನ ಹೋದ ಮೇಲೆ ಲೋಕಕ್ಕೇ ಬೆನ್ನು ಮಾಡಿದೆ," ಎಂದರು ಚಿಕ್ಕಪ್ಪ. "ಸಾಧಾರಣ ಮೀನಲ್ಲ ಇದು. ನಮ್ಮ ಹುಡುಗ ಏಳು ಸಮುದ್ರದಾಚೆಯಿಂದ ಹಡಗಲ್ಲಿ ತರಿಸಿದ್ದು. ಕ್ಯಾಪ್ಟನ್ ಖುದ್ದು ತನ್ನ ಕೋಣೇಲಿ ಇಟ್ಕೊಂಡು ಬಂದನಂತೆ."

ಕನ್ನಡಕದಂಗಡಿಯವನು ಬಾಯಿ ತೆರೆದ. ಗುಂಡಣ್ಣ ಬಸ್ ನಿಲ್ದಾಣದ ಮುಂದೆ, ಸೈಕಲ್ಲಿಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕವನು. ಅದನ್ನು ಹೇಳಿದರೆ ಮೀನು ತನ್ನದಾಗುತ್ತದೆ. ಸತ್ತವನು ಸುಳ್ಳುಗಾರನಾಗುತ್ತಾನೆ, ಅದೂ ಅವನ ತಾಯಿಯ ಎದುರು, ಹೆಂಡತಿಯ ಎದುರು, ಹನ್ನೆರಡು ಕುರ್ಚಿಗಳ ಎದುರು. ಬಾಯಿ ಮುಚ್ಚಿದ. ಪೆಟ್ಟಿಗೆಯಿಂದ ಟಾರ್ಚು, ದಪ್ಪ ಮಸೂರ ತೆಗೆದು ಮೀನನ್ನು ನೋಡಿದ. ಹೊಟ್ಟೆ ನಿಂಬೆಹಣ್ಣಿನಂತೆ ಉಬ್ಬಿತ್ತು. ತೊಟ್ಟಿಯ ತಳದಲ್ಲಿ ಕೊಳೆಯುತ್ತಿದ್ದ ತಿಂಡಿಯ ಪದರ ಬೆರಳು ದಪ್ಪ. ತಿಂದು ತಿಂದು ಹೊಟ್ಟೆ ಉಬ್ಬಿ, ಒಳಗಿನ ಗಾಳಿಚೀಲ ಒತ್ತಿಹೋಗಿ, ಮೀನು ಅಡಿಮೇಲಾಗಿದೆ. ಹೀಗೇ ಇನ್ನೆರಡು ದಿನ ತಿನ್ನಿಸಿದರೆ ಉಳಿಯುವುದಿಲ್ಲ.

"ಅಜೀರ್ಣ," ಎಂದ.

"ಏನಂದ್ರಿ?" ಎಂದರು ಚಿಕ್ಕಪ್ಪ. "ಹರೆಯದ ಹುಡುಗ ಹೋದ ಮನೇಲಿ, ಅವನ ಮೀನಿಗೆ ಅಜೀರ್ಣವಾ? ನಾವೆಲ್ಲ ಇಲ್ಲಿ ಗಂಟಲಲ್ಲಿ ನೀರಿಳಿಯದೆ ಕೂತಿದ್ದೀವಿ, ಅದೊಂದು ಹೊಟ್ಟೆ ಬಿರಿಯೋ ಹಾಗೆ ತಿಂದು ಮಲಗಿದೆ ಅಂತೀರಾ?"

ಗಂಟಲಲ್ಲಿ ನೀರಿಳಿಯದ ಒಬ್ಬರು ಬಿಸ್ಕತ್ತಿನ ತಟ್ಟೆಯನ್ನು ಮೆಲ್ಲನೆ ಕುರ್ಚಿಯ ಕೆಳಗೆ ಸರಿಸಿದರು.

ಕನ್ನಡಕದಂಗಡಿಯವನು ಬೆವರಿದ. ಬೆವರಿದಾಗ ಅವನಿಗೆ ಒಮ್ಮೊಮ್ಮೆ ಬುದ್ಧಿ ಹೊಳೆಯುವುದುಂಟು. "ಅಂದ್ರೆ... ಮೂಲ ಕಾಯಿಲೆ ದುಃಖವೇ. ಆದರೆ ಈ ಜಾತಿ ಮೀನುಗಳಲ್ಲಿ ದುಃಖ ಎದೇಲಿ ನಿಲ್ಲೋಲ್ಲ. ಹೊಟ್ಟೆಗೆ ಇಳಿದುಬಿಡುತ್ತೆ."

"ಹಾಗೆ ಹೇಳಿ!" ಎಂದು ಚಿಕ್ಕಪ್ಪ ನೆಮ್ಮದಿಯ ಉಸಿರು ಬಿಟ್ಟರು. ಕುರ್ಚಿಗಳೆಲ್ಲ ತಲೆಯಾಡಿಸಿದವು. ಸತ್ತವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅದಕ್ಕಾದ್ರೂ ಅರ್ಥ ಆಯ್ತಲ್ಲಪ್ಪ," ಎಂದರು.

ಚಿಕಿತ್ಸೆ ಹೀಗೆ ನಿರ್ಧಾರವಾಯಿತು: ಮೂರು ದಿನ ಒಂದು ಕಾಳೂ ಹಾಕಕೂಡದು. ಮೂರರಲ್ಲಿ ಒಂದು ಪಾಲು ನೀರನ್ನು ದಿನಾ ಬದಲಿಸಬೇಕು. ನಲ್ಲಿಯ ನೀರನ್ನು ಹಾಗೇ ಸುರಿಯದೆ, ಕ್ಲೋರಿನ್ ವಾಸನೆ ಹೋಗುವಂತೆ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಬೇಕು. ಜೊತೆಗೆ ಒಂದಿಷ್ಟು ಕಲ್ಲುಪ್ಪು. ಚಿಕ್ಕಪ್ಪ ಕೂಡಲೇ ಒಂದು ರಿಜಿಸ್ಟರು ತೆರೆದು, ಗೆರೆ ಎಳೆದು, ಪಾಳಿ ಹಾಕಿದರು. 'ಸಮಯ', 'ಮೀನಿನ ಮುಖ ಯಾವ ದಿಕ್ಕಿಗೆ', 'ಕಾವಲಿದ್ದವರ ಸಹಿ', 'ಷರಾ'. ಅಲ್ಲಿಯವರೆಗೆ ಸೊಸೆಯ ಕಡೆ ತಿರುಗಿದ್ದ ಕುರ್ಚಿಗಳೆಲ್ಲ ಸರ್ರನೆ ತೊಟ್ಟಿಯ ಕಡೆ ತಿರುಗಿದವು. ಯಾರೂ ನೋಡದಾಗ ಸೊಸೆ ಎದ್ದು, ಲೋಟ ತೊಳೆದಿಟ್ಟು ಒಳಗೆ ಹೋದಳು.

ಶಾಲೆಯ ಮಕ್ಕಳು ಅಂದು ಕಾದು ಕಾದು ಮನೆಗೆ ಹೋದರು.

ಎರಡನೆಯ ದಿನ ಅವನು ನಿಜ ಹೇಳಿಯೇ ತೀರುವುದೆಂದು ಬಂದ. ಮೆಟ್ಟಿಲು ಹತ್ತುವಾಗ ಪೂರ್ತಿ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡ. ಆದರೆ ಗುಂಡಣ್ಣ ನಿನ್ನೆಗಿಂತ ಊದಿದ್ದ. ರಿಜಿಸ್ಟರಿನಲ್ಲಿ 'ಷರಾ: ಸೇವಿಸಿಲ್ಲ' ಎಂದು ಒಂಬತ್ತು ಸಹಿಗಳಿದ್ದವು. ತೊಟ್ಟಿಯೊಳಗೆ ಬಿಸ್ಕತ್ತಿನ ಚೂರು, ಬ್ರೆಡ್ಡಿನ ಅಂಚು, ಕರಗದ ಅರ್ಧ ಗುಳಿಗೆ ಮತ್ತು ಯಥೇಚ್ಛವಾಗಿ ಮೀನಿನ ತಿಂಡಿಯ ಕಾಳು.

"ಗುಳಿಗೆ ಯಾರದು?"

"ನನ್ನದು," ಎಂದರು ಕೆಳಗಿನ ಮನೆಯವರು, ಹೆಮ್ಮೆಯಿಂದ. "ಶಕ್ತಿಗೆ. ನಾನೂ ಅರ್ಧ ತೊಗೊಂಡೆ."

"ಬಿಸ್ಕತ್ತು?"

ಚಿಕ್ಕಪ್ಪ ಸೂರಿನ ಫ್ಯಾನನ್ನು ಗಮನವಿಟ್ಟು ನೋಡಿದರು.

"ಕಾಳು ನಾನೇ ಹಾಕಿದ್ದು," ಎಂದರು ತಾಯಿ. "ನನ್ನ ಮಗ ಕೊನೇ ದಿನ ತಟ್ಟೆ ಮುಟ್ಟದೆ ಎದ್ದು ಹೋದ. ಇದೂ ಹಸ್ಕೊಂಡು ಹೋಗೋದನ್ನ ನಾನು ನೋಡೋಕಾಗಲ್ಲಪ್ಪ. ಡಬ್ಬಿ ಮೇಲೆ ಬರೆದಷ್ಟೇ ಹಾಕಿದ್ದೀನಿ, ಜಾಸ್ತಿ ಏನಿಲ್ಲ."

"ಎಷ್ಟು ಅಂತ ಬರೆದಿದೆ, ಅಮ್ಮ?"

ಅವರು ಡಬ್ಬಿ ತಂದು ತೋಳನ್ನು ಪೂರ್ತಿ ಚಾಚಿ ಹಿಡಿದರು. ಸಾಲದೆ, ತಲೆಯನ್ನೂ ಹಿಂದಕ್ಕೆ ಬಾಗಿಸಿದರು. "ಎರಡು ಅಂತಿದೆ. ಎರಡು ಏನು ಅನ್ನೋದು ಸರಿಯಾಗಿ ಕಾಣಲ್ಲ. ಚಮಚ ಇರಬೇಕು ಅಂದ್ಕೊಂಡೆ."

ಈಗ ಅವನು ಮಾಡಿದ್ದು ಯಾವ ಉಪಾಯವೂ ಅಲ್ಲ, ಬರಿಯ ಅಭ್ಯಾಸಬಲ. ಯಾರಾದರೂ ತೋಳು ಚಾಚಿ ಓದಿದರೆ ಅವನ ಕೈ ತಾನಾಗಿಯೇ ಪೆಟ್ಟಿಗೆಗೆ ಹೋಗುತ್ತದೆ. ಪರೀಕ್ಷೆಯ ದಪ್ಪ ಫ್ರೇಮನ್ನು ತಾಯಿಯ ಮೂಗಿನ ಮೇಲೆ ಕೂರಿಸಿದ. ಒಂದು ಮಸೂರ ಹಾಕಿದ, ತೆಗೆದ, ಇನ್ನೊಂದು ಹಾಕಿದ. "ಈಗ? ಇದರಲ್ಲಿ ಚೆನ್ನಾಗಿದೆಯಾ, ಅದರಲ್ಲಾ?"

"ಎರಡು... ಚಿ-ಟಿ-ಕೆ," ಎಂದು ಓದಿದರು ತಾಯಿ. ಮತ್ತೊಮ್ಮೆ ಓದಿದರು. "ಅಯ್ಯೋ! ಚಿಟಿಕೆ!" ತೊಟ್ಟಿಯ ಕಡೆ ತಿರುಗಿದರು. ಐದು ತಿಂಗಳಲ್ಲಿ ಮೊದಲ ಸಲ ಮೀನು ಅವರಿಗೆ ಸ್ಪಷ್ಟವಾಗಿ ಕಂಡಿತು. "ಇದೇನಪ್ಪಾ ಇದು, ಬಲೂನಿನ ಹಾಗಿದೆ! ನನ್ನ ಕೈಯಾರೆ ಸಾಯಿಸ್ತಿದ್ದೆನಲ್ಲೋ!" ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇನ್ನು ಯಾರಾದ್ರೂ ಬಿಸ್ಕತ್ತು ಹಾಕ್ಲಿ, ನೋಡ್ಕೋತೀನಿ!"

ಚಿಕ್ಕಪ್ಪ ಎದ್ದುನಿಂತರು. "ಕಾಯಿಲೆ ಮೀನಿಗೆ, ಕನ್ನಡಕ ಅತ್ತಿಗೆಗೆ! ಪಾಂಡಿತ್ಯ ಅಂದ್ರೆ ಇದು ನೋಡಿ. ಬೇರೆ ಡಾಕ್ಟ್ರಾಗಿದ್ರೆ ಮೀನಿಗೇ ಔಷಧಿ ಕೊಟ್ಟು ಕೈತೊಳ್ಕೋತಿದ್ದ!"

ಸುದ್ದಿ ಮೆಟ್ಟಿಲಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಬಾಗಿಲ ಮುಂದೆ ಒಂದು ಕೆಮ್ಮುವ ಗಿಳಿ, ಎರಡು ಬೆಕ್ಕು, ಮಂಡಿ ನೋವಿನ ಒಬ್ಬ ಮುದುಕ. ಅವರ ಹಿಂದೆ ಕಟ್ಟಡದ ಸಂಘದ ಕಾರ್ಯದರ್ಶಿ, ಕೈಯಲ್ಲಿ ನೋಟೀಸು.

"ನಿಯಮ ಹದಿನೇಳರ ಪ್ರಕಾರ ರೋಗಪೀಡಿತ ಪ್ರಾಣಿಯನ್ನ ಕಟ್ಟಡದಲ್ಲಿ ಇಡೋ ಹಾಗಿಲ್ಲ. ಇಪ್ಪತ್ನಾಲ್ಕು ಗಂಟೇಲಿ ತೆರವು ಮಾಡ್ಬೇಕು," ಎಂದರು ಕಾರ್ಯದರ್ಶಿ.

"ಅದು ರೋಗ ಅಲ್ಲ ಸ್ವಾಮಿ, ದುಃಖ," ಎಂದರು ಚಿಕ್ಕಪ್ಪ. "ದುಃಖ ಅಂಟೋದಿಲ್ಲ."

"ಅಂಟೋದಿಲ್ಲ ಅಂತ ಸರ್ಟಿಫಿಕೇಟ್ ಇದೆಯಾ?"

"ನಿಯಮ ಓದಿ ಮೊದಲು! ಮೂಲ ಪ್ರತಿ ಓದಿ!" ಕಡತ ಎಂದರೆ ಚಿಕ್ಕಪ್ಪನವರ ಮೈಯಲ್ಲಿ ಯೌವನ ಮರುಕಳಿಸುತ್ತಿತ್ತು.

ಕಾರ್ಯದರ್ಶಿ ನಿಯಮಾವಳಿಯನ್ನು ತೆರೆದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಕನ್ನಡಕದಂಗಡಿಯವನ ಕೈ ಮತ್ತೆ ತಾನಾಗಿಯೇ ಪೆಟ್ಟಿಗೆಗೆ ಹೋಯಿತು. ಫ್ರೇಮಿನ ಮೂಲಕ ಕಾರ್ಯದರ್ಶಿ ಮೌನವಾಗಿ ಓದಿದರು. ಮುಖ ಬಿಳಿಚಿಕೊಂಡಿತು. ನಿಯಮ ಹದಿನೇಳು ಪ್ರಾಣಿಗಳದ್ದಲ್ಲ. ಮೆಟ್ಟಿಲಿನ ಬಲ್ಬು ಸುಟ್ಟುಹೋದರೆ ಕಾರ್ಯದರ್ಶಿಯೇ ಬದಲಿಸತಕ್ಕದ್ದು ಎಂಬುದು. ಹನ್ನೊಂದು ವರ್ಷದಿಂದ ಅದೇ ನಿಯಮದಡಿ ಅವರು ನಾಲ್ಕು ನಾಯಿಗಳನ್ನು ಗಡೀಪಾರು ಮಾಡಿದ್ದರು. ನೋಟೀಸನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಕತ್ತಲ ಮೆಟ್ಟಿಲುಗಳನ್ನು ತಡವುತ್ತ ಇಳಿದುಹೋದರು.

ಮೂರನೆಯ ದಿನ ನಿಜವಾದ ಪ್ರಾಣಿ ವೈದ್ಯ ಬಂದ.

ಬಂದಾಗ ಕನ್ನಡಕದಂಗಡಿಯವನು ಬಕೆಟ್ಟಿನ ನೀರನ್ನು ಲೋಟದಿಂದ ತೊಟ್ಟಿಗೆ ಬಿಡುತ್ತಿದ್ದ. ಅರ್ಧ ನೀರು ಕೋಟಿನ ಮೇಲೆ ಬಿತ್ತು. ಸಿಕ್ಕಿಬಿದ್ದೆ ಎಂದುಕೊಂಡ, ಬಾಗಿಲು ಎಷ್ಟು ಹೆಜ್ಜೆ ಎಂದೂ ಅಳೆದ. ಆದರೆ ಗುಂಡಣ್ಣ ಅಂದು ಬೆಳಗ್ಗೆಯಷ್ಟೇ ಒಂದು ರೆಕ್ಕೆ ಅಲುಗಿಸಿದ್ದ. ಬಿಟ್ಟು ಓಡಲು ಕಾಲು ಬರಲಿಲ್ಲ.

ವೈದ್ಯ ಇನ್ನೂ ಚಿಕ್ಕ ವಯಸ್ಸಿನವನು. ಟೀ ಶರ್ಟು, ಭುಜಕ್ಕೊಂದು ಚೀಲ. "ತಡವಾಯ್ತು, ಕ್ಷಮಿಸಿ. ಮೀನು ಎಲ್ಲಿ?"

"ನೀವ್ಯಾರು?" ಎಂದರು ಚಿಕ್ಕಪ್ಪ.

"ಡಾಕ್ಟರು. ನೀವೇ ಫೋನ್ ಮಾಡಿದ್ರಲ್ಲ."

"ಕೋಟು ಎಲ್ಲಿ?"

"ಬಿಸಿಲಲ್ವಾ, ಹಾಕಿಲ್ಲ."

"ಪೆಟ್ಟಿಗೆ?"

"ಮೀನಿಗೆ ಪೆಟ್ಟಿಗೆ ಯಾಕೆ ಸಾರ್?" ಎನ್ನುತ್ತ ಅವನು ತೊಟ್ಟಿಯೊಳಗೆ ಇಣುಕಿದ. "ಓ, ಇದು ಬರೀ ಅಜೀರ್ಣ."

ಅಷ್ಟು ಸಾಕಾಯಿತು. "ಅಜೀರ್ಣವಂತೆ! ಕೇಳಿದ್ರಾ ಅತ್ತಿಗೆ, ಅಜೀರ್ಣವಂತೆ! ಸಾವಿನ ಮನೆ ಅಂತ ಗೊತ್ತಾದ್ರೆ ಸಾಕು, ಮೋಸಗಾರರು ಸಾಲುಗಟ್ಟಿ ಬರ್ತಾರೆ. ನಡೀರಿ ಹೊರಗೆ!" ಚಿಕ್ಕಪ್ಪ ಅವನ ಚೀಲದ ಪಟ್ಟಿ ಹಿಡಿದು ಬಾಗಿಲ ಕಡೆ ನಡೆಸಿದರು. ದಾಟುವಾಗ ವೈದ್ಯ ಬಕೆಟ್ಟಿನ ನೀರು ಮುಟ್ಟಿ ನೋಡಿದ, ಉಪ್ಪಿನ ಪೊಟ್ಟಣ ನೋಡಿದ, ಕನ್ನಡಕದಂಗಡಿಯವನನ್ನು ಗೌರವದಿಂದ ನೋಡಿದ.

"ಸರಿಯಾಗೇ ಮಾಡ್ತಿದ್ದೀರಿ ಸಾರ್. ನಾಳೆ ಬೇಯಿಸಿದ ಬಟಾಣಿ ಸಿಪ್ಪೆ ತೆಗೆದು ಅರ್ಧ ಕೊಡಿ. ತಾವು ಎಲ್ಲಿ ಓದಿದ್ದು?"

"ನಾನು ಓದಿಲ್ಲ," ಎಂದ ಅವನು. ಮೂರು ದಿನದಲ್ಲಿ ತನ್ನ ಬಗ್ಗೆ ಅವನಾಡಿದ ಮೊದಲ ನಿಜ ಅದು. "ಬೇರೆಯವರನ್ನ ಓದಿಸ್ತೀನಿ."

"ಪ್ರೊಫೆಸರು!" ಎಂದು ಚಿಕ್ಕಪ್ಪ ಎದೆ ಉಬ್ಬಿಸಿ, ನಿಜವಾದ ವೈದ್ಯನ ಮುಖದ ಮೇಲೆ ಬಾಗಿಲು ಹಾಕಿದರು.

ನಾಲ್ಕನೆಯ ದಿನ ಕನ್ನಡಕದಂಗಡಿಯವನು ಬೆಂದ ಬಟಾಣಿಯನ್ನು ಮಸೂರ ಹಿಡಿಯುವ ಚಿಮಟದಿಂದ ಎತ್ತಿ ಗುಂಡಣ್ಣನ ಬಾಯಿಯ ಮುಂದೆ ಹಿಡಿದ. ಇಪ್ಪತ್ತಮೂರು ಜನ ಉಸಿರು ಬಿಗಿಹಿಡಿದರು. ಗಿಳಿ ಕೂಡ ಕೆಮ್ಮಲಿಲ್ಲ. ಗುಂಡಣ್ಣ ಬಟಾಣಿಯನ್ನು ಪರಿಶೀಲಿಸಿದ, ನುಂಗಿದ. ಮುಕ್ಕಾಲು ಗಂಟೆಯ ನಂತರ ಉದ್ದನೆಯ ಕಪ್ಪು ದಾರವೊಂದನ್ನು ಹೊರಹಾಕಿ, ಒಮ್ಮೆ ಓಲಾಡಿ, ಪಕ್ಕಕ್ಕೆ ಹೊರಳಿ, ನೆಟ್ಟಗಾದ.

"ದುಃಖ ಹೊರಗೆ ಬಂತು!" ಎಂದು ಚಿಕ್ಕಪ್ಪ ಘೋಷಿಸಿ, ರಿಜಿಸ್ಟರಿನಲ್ಲಿ ಅದರ ಉದ್ದವನ್ನು ನಮೂದಿಸಿದರು. ನೆರೆಯವರು ಚಪ್ಪಾಳೆ ತಟ್ಟಿ, ಸಾವಿನ ಮನೆಯೆಂದು ನೆನಪಾಗಿ ನಿಲ್ಲಿಸಿ, ತಾಯಿಯೇ ತಟ್ಟುತ್ತಿರುವುದನ್ನು ಕಂಡು ಮತ್ತೆ ತಟ್ಟಿದರು.

ಇದೇ ಸಮಯ ಎಂದು ಕನ್ನಡಕದಂಗಡಿಯವನು ಗಂಟಲು ಸರಿಮಾಡಿಕೊಂಡ. "ಒಂದು ಮಾತು ಹೇಳೋದಿತ್ತು. ಈ ಮೀನು..."

"ಈ ಮೀನು," ಎಂದು ಚಿಕ್ಕಪ್ಪ ಅವನ ಭುಜ ಹಿಡಿದುಕೊಂಡು ಮಾತನ್ನು ಕೈಗೆತ್ತಿಕೊಂಡರು, "ನಮ್ಮ ಹುಡುಗನ ನೆನಪು! ಸಮುದ್ರ ದಾಟಿ ಬಂದ ಈ ಮೀನು ಈ ಮನೆ ಹೊಸ್ತಿಲು ದಾಟೋದಿಲ್ಲ. ಇದಾದ ಮೇಲೆ ಇದರ ಮಕ್ಕಳು, ಮೊಮ್ಮಕ್ಕಳು. ಡಾಕ್ಟ್ರೂ ಇದನ್ನೇ ಹೇಳೋಕೆ ಹೊರಟಿದ್ರು. ಅಲ್ವಾ ಡಾಕ್ಟ್ರೇ?"

"ಹೌದು," ಎಂದ ಡಾಕ್ಟರು.

ಪೆಟ್ಟಿಗೆ ಮುಚ್ಚಿ ಮೆಟ್ಟಿಲಿಳಿದ. ಮೆಟ್ಟಿಲಲ್ಲಿ ಹೊಸ ಬಲ್ಬು ಉರಿಯುತ್ತಿತ್ತು.

ನೆಂಟರು ಶನಿವಾರ ಊರುಗಳಿಗೆ ಹೊರಟುಹೋದರು; ಚಿಕ್ಕಪ್ಪ ರಿಜಿಸ್ಟರನ್ನೂ ಒಯ್ದರು. ಭಾನುವಾರ ಮಧ್ಯಾಹ್ನ ಕನ್ನಡಕದಂಗಡಿಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಎರಡೂ ಕೈಯಲ್ಲಿ ಹಿಡಿದ ಬಕೆಟ್ಟು, ಅದರ ಮೇಲೊಂದು ತಟ್ಟೆ.

"ಇದು ನಿಮ್ಮದು," ಎಂದಳು.

ನಾಲ್ಕು ದಿನ ಯಾವ ಮಾತಿಗಾಗಿ ಮೆಟ್ಟಿಲು ಹತ್ತಿಳಿದಿದ್ದನೋ ಆ ಮಾತು ತಾನಾಗಿ ನಡೆದುಬಂದಾಗ ಅವನಿಗೆ ಬುದ್ಧಿ ಕೈಕೊಟ್ಟಿತು. "ಛೆ ಛೆ, ನನ್ನದಲ್ಲಮ್ಮ! ಇದು ನಿಮ್ಮ ಯಜಮಾನ್ರು ಹಡಗಲ್ಲಿ ತರಿಸಿದ್ದು. ಕ್ಯಾಪ್ಟನ್ ಖುದ್ದಾಗಿ—"

"ಅವರು ಹಡಗು ಕಂಡವರೇ ಅಲ್ಲ. ದೋಣಿ ಹತ್ತಿದ್ರೇ ವಾಂತಿ ಮಾಡ್ಕೋತಿದ್ರು."

"ಅದೇ, ಅದಕ್ಕೇ ಕ್ಯಾಪ್ಟನ್ ಕೈಲಿ ತರಿಸಿದ್ರು!" ಎಂದ ಅವನು, ಸತ್ತವನ ಮಾನಕ್ಕಾಗಿ ಕೊನೆಯ ಉಸಿರಿನವರೆಗೂ ಹೋರಾಡುವವನಂತೆ. "ಬಹಳ ದೊಡ್ಡ ಮನುಷ್ಯ, ಆ ಕ್ಯಾಪ್ಟನ್."

ಅವಳು ಬಕೆಟ್ಟನ್ನು ಮೇಜಿನ ಮೇಲಿಟ್ಟು, ಚೀಲದಿಂದ ಗಂಡನ ಕನ್ನಡಕದ ಡಬ್ಬಿ ತೆಗೆದಳು. ಮುಚ್ಚಳದ ಒಳಗೆ ಅಂಗಡಿಯ ವಿಳಾಸವಿತ್ತು. ಅದರ ಕೆಳಗೆ ಮಡಚಿದ ಒಂದು ಚೀಟಿ. ಅವಸರದ ಅಕ್ಷರಗಳಲ್ಲಿ ಬರೆದಿತ್ತು: 'ಮೀನು ಕನ್ನಡಕದವರದು. ಅವಳಿಗೆ ಹೇಳಬೇಕು. ಬೈಯುತ್ತಾಳೆ.'

ಅವನು ಓದಿದ. ಅಷ್ಟು ಹತ್ತಿರದ ಅಕ್ಷರ ಓದಲು ಅವನಿಗೆ ಎಂದೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

"ಇದು ಯಾವಾಗ ಸಿಕ್ತು?"

"ನೀವು ಬಂದ ದಿನ, ಸಂಜೆ."

"ಮತ್ತೆ ಮೂರು ದಿನ ಸುಮ್ನಿದ್ರಲ್ಲಮ್ಮ! ನಾನು ಎಷ್ಟು ಬೆವರಿದೆ!"

"ಎಲ್ಲರೂ ಮೀನನ್ನ ನೋಡ್ತಿದ್ರು," ಎಂದಳು ಅವಳು. "ಮೊದಲು ನನ್ನ ನೋಡ್ತಿದ್ರು."

ಅವನು ಚೀಟಿಯನ್ನು ಮೊದಲಿನಂತೆ ಮಡಚುತ್ತ, "ಅತ್ತೆಯವರ ಕನ್ನಡಕ ಬುಧವಾರ ಸಿದ್ಧವಾಗುತ್ತೆ," ಎಂದ.

ಅವಳು ಅಂಗಡಿಯ ಮೂಲೆಯನ್ನು ನೋಡುತ್ತಿದ್ದಳು. ಅಲ್ಲೊಂದು ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಮೀನಿರಲಿಲ್ಲ; ಸ್ವಚ್ಛವಾದ ನೀರಿತ್ತು, ಹಸಿರು ಎಲೆಯ ಗಿಡವಿತ್ತು.

"ಯಾರಿಗೆ ನೀರು ಬದಲಿಸ್ತಿದ್ರಿ?"

"ಬರ್ತಾನೆ ಅಂತ," ಎಂದು ಅವನು ಗಲ್ಲ ತುರಿಸಿಕೊಂಡ. "ಇನ್ನೂ ಸ್ವಲ್ಪ ದಿನ ನಿಮ್ಮಲ್ಲೇ ಇರ್ಲಿ ಬಿಡಿ ಅಮ್ಮ. ಬೇಕಾದ್ರೆ ಒಂದು ವಾರ..."

"ಬೇಡ," ಎಂದಳು. ಆ ಮಾತು ಅವಳಿಗೆ ಚೆನ್ನಾಗಿ ಹೇಳಲು ಬರುತ್ತಿತ್ತು. ತಟ್ಟೆ ತೆಗೆದು, ಬಕೆಟ್ಟನ್ನು ತೊಟ್ಟಿಯ ಅಂಚಿಗೆ ತಾಗಿಸಿ ಮೆಲ್ಲನೆ ಬಾಗಿಸಿದಳು. ಗುಂಡಣ್ಣ ನೀರಿನ ಜೊತೆ ಜಾರಿ, ಹೊಟ್ಟೆ ಕೆಳಗೆ, ಬೆನ್ನು ಮೇಲೆ ಮಾಡಿಕೊಂಡು, ಗಿಡವನ್ನೊಂದು ಸುತ್ತು ಹಾಕಿದ.

ಕನ್ನಡಕದಂಗಡಿಯವನು ಕರವಸ್ತ್ರ ತೆಗೆದು ಗಡಿಬಿಡಿಯಲ್ಲಿ ಬಕೆಟ್ಟನ್ನು ಒರೆಸತೊಡಗಿದ. "ಇದನ್ನ ಚೆನ್ನಾಗಿ ತೊಳೆದು, ಒಣಗ್ಸಿ, ನಾನೇ ಮನೆಗೆ ತಂದು—"

"ಬಕೆಟ್ಟು ನಮ್ಮನೇದು," ಎಂದಳು ಅವಳು, ಕೈ ಚಾಚಿ. "ಈಗಲೇ ಕೊಟ್ಟುಬಿಡಿ."

ಕೊಟ್ಟುಬಿಟ್ಟ.